ನಾಯಿಯನ್ನು ಎತ್ತಿಕೊಂಡು ಹೋದರೆ ರೇಬೀಸ್ ಹೋಗುತ್ತಾ?

ಮೈಸೂರಿನಲ್ಲಿ ಈಗ ಬೀದಿನಾಯಿ ವಿಷಯ ಎತ್ತಿದರೆ ಸಾಕು, ಮಾತು ಎರಡು ಪಾಲಾಗುತ್ತದೆ. "ಕೋರ್ಟೇ ಹೇಳಿದೆ, ಎಲ್ಲ ನಾಯಿಗಳನ್ನೂ ಹಿಡಿದುಕೊಂಡು ಹೋಗಿ" ಅನ್ನುವವರು ಒಂದು ಕಡೆ. "ಕೋರ್ಟೇ ಹೇಳಿದೆ, ಹಿಡಿದ ನಾಯಿಯನ್ನು ಅಲ್ಲೇ ತಂದು ಬಿಡಬೇಕು" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಗೊಂದಲ ಇರುವುದೇ ಅಲ್ಲಿ. ಇಬ್ಬರ ಬಾಯಲ್ಲೂ ಬರುವ ಹೆದರಿಕೆ ಮಾತ್ರ ಒಂದೇ: ರೇಬೀಸ್. ಆದರೆ ಆ ವೈರಸ್ ನಾಯಿಯ ಬಾಯಿಂದ ಮನುಷ್ಯನ ಮೆದುಳಿಗೆ ಹೇಗೆ ಹೋಗುತ್ತದೆ, ಒಂದು ನಾಯಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಅನ್ನುವುದನ್ನು ಬಿಟ್ಟು ಉಳಿದದ್ದೆಲ್ಲ ಚರ್ಚೆಯಾಗುತ್ತಿದೆ. ಆ ದಾರಿ ಗೊತ್ತಾದರೆ ಯಾವ ವಾದದಲ್ಲಿ ಎಷ್ಟು ಹುರುಳಿದೆ ಅನ್ನುವುದು ಅಳೆಯಲು ಸಿಗುತ್ತದೆ.

ಆದೇಶ ಒಂದಲ್ಲ, ಮೂರು

2025ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ನಾಯಿ ಕಡಿತದ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ, ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಗಳಿಗೆ ಸೇರಿಸಿ, ಮತ್ತೆ ಬೀದಿಗೆ ಬಿಡಬೇಡಿ ಎಂದಿತು. ಇದು ಬಂದಿದ್ದು ಆ ಭಾಗಕ್ಕೆ ಮಾತ್ರ. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ. ರೇಬೀಸ್ ತಗುಲಿದ ಅಥವಾ ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ. ಊಟ ಹಾಕಲು ಜಾಗ ಗೊತ್ತುಮಾಡಿ ಎಂದಿತು. ಜೊತೆಗೆ ಪ್ರಕರಣವನ್ನು ಇಡೀ ದೇಶಕ್ಕೆ ವಿಸ್ತರಿಸಿತು. ನವೆಂಬರ್ 7ರಂದು ಮೂರನೆಯ ಆದೇಶ ಬಂತು: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳಂಥ ಜಾಗಗಳಿಗೆ ಬೇಲಿ ಹಾಕಬೇಕು, ಅಲ್ಲಿ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡುವಂತಿಲ್ಲ.

ಹಾಗಾಗಿ ಆ ಆದೇಶಗಳ ಪ್ರಕಾರ ಕೆ.ಆರ್. ಆಸ್ಪತ್ರೆಯ ಆವರಣದಲ್ಲಿ ಮಲಗಿರುವ ನಾಯಿಗೆ ಒಂದು ನಿಯಮ, ಗೇಟಿನಾಚೆ ರಸ್ತೆಯಲ್ಲಿ ಮಲಗಿರುವ ನಾಯಿಗೆ ಇನ್ನೊಂದು. ಎರಡೂ ಬಣದವರು "ಕೋರ್ಟೇ ಹೇಳಿದೆ" ಅನ್ನುವುದಕ್ಕೆ ಕಾರಣ ಇಷ್ಟೇ. ವೈರಸ್‌ಗೆ ಈ ಗೇಟು ಕಾಣುವುದಿಲ್ಲ.

ಕಚ್ಚಿದ ಜಾಗದಿಂದ ಮೆದುಳಿನವರೆಗೆ

ನರಮಂಡಲಕ್ಕೆ ಹೋಗುವ ವೈರಸ್‌ಗಳೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ. ಪೋಲಿಯೊ ವೈರಸ್ ಬಾಯಿಂದ ಹೊಟ್ಟೆಗೆ ಹೋಗಿ, ಕರುಳಿನಲ್ಲಿ ಬೆಳೆದು, ಕೆಲವರಲ್ಲಿ ಮಾತ್ರ ಬೆನ್ನುಹುರಿಯ ನರಕೋಶಗಳಿಗೆ ದಾಟುತ್ತದೆ. ಚಿಕ್ಕವರಿದ್ದಾಗ ಸಿಡುಬಿನಂಥ ಗುಳ್ಳೆ ತರಿಸುವ ಚಿಕನ್‌ಪಾಕ್ಸ್ ವೈರಸ್ ಕಾಯಿಲೆ ವಾಸಿಯಾದ ಮೇಲೂ ನರದ ಗಂಟುಗಳಲ್ಲಿ ಅಡಗಿ ಕೂತಿದ್ದು, ಎಷ್ಟೋ ವರ್ಷಗಳ ನಂತರ ನರದ ಗುಂಟ ಹೊರಗೆ ಬಂದು ಸರ್ಪಸುತ್ತು ಆಗುತ್ತದೆ. ಕೇರಳದ ಸುದ್ದಿಯಲ್ಲಿ ಬರುವ, ಮೂಗಿನಿಂದ ಮೆದುಳಿಗೆ ಹೋಗುವ ಅಮೀಬಾ ವೈರಸ್ಸೇ ಅಲ್ಲ, ಅದನ್ನು ಇದರ ಜೊತೆ ಬೆರೆಸಬಾರದು.

ರೇಬೀಸ್ ವೈರಸ್ ಇರುವುದು ಪ್ರಾಣಿಯ ಜೊಲ್ಲಿನಲ್ಲಿ. ಹಲ್ಲು ಇಳಿದಾಗ ಅದು ಗಾಯದ ಮಾಂಸಖಂಡದೊಳಗೆ ಬೀಳುತ್ತದೆ. ಅಲ್ಲಿ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಇದ್ದು, ಮಾಂಸಖಂಡಕ್ಕೆ ನರ ಬಂದು ಸೇರುವ ಜಾಗದಲ್ಲಿ ನರದ ತುದಿಯೊಳಗೆ ನುಗ್ಗುತ್ತದೆ. ನರಕೋಶದ ಉದ್ದನೆಯ ಎಳೆಯಲ್ಲಿ ಸಾಮಾನು ಸಾಗಿಸುವ ವ್ಯವಸ್ಥೆ ಒಂದಿದೆ, ತುದಿಯಿಂದ ಕೋಶದ ಕಡೆಗೆ ಏನೇನನ್ನೋ ಹೊತ್ತು ತರುವ ವ್ಯವಸ್ಥೆ. ವೈರಸ್ ಅದನ್ನೇ ಹತ್ತಿಕೊಂಡು ಬೆನ್ನುಹುರಿ ಸೇರಿ, ಮೆದುಳಿಗೆ ಏರುತ್ತದೆ. ಮೆದುಳಿನಲ್ಲಿ ಬೆಳೆದ ಮೇಲೆ ಮತ್ತೆ ನರಗಳ ಮೂಲಕವೇ ಕೆಳಗಿಳಿದು ಜೊಲ್ಲಿನ ಗ್ರಂಥಿ ತಲುಪುತ್ತದೆ. ಅಲ್ಲಿಂದ ಮುಂದಿನ ಕಡಿತ.

ಈ ಪಯಣದಲ್ಲಿ ರಕ್ತಕ್ಕೆ ಪಾತ್ರವೇ ಇಲ್ಲ ಅನ್ನಬಹುದು. ಅದರಿಂದ ಎರಡು ಪರಿಣಾಮಗಳಿವೆ. ಒಂದು, ನಾಯಿ ಕಚ್ಚಿದ ಮಾರನೆಯ ದಿನ "ರಕ್ತ ಟೆಸ್ಟ್ ಮಾಡಿಸಿ ನೋಡೋಣ, ಇದ್ದರೆ ಇಂಜೆಕ್ಷನ್ ತಗೊಳ್ಳೋಣ" ಅನ್ನುವ ಯೋಚನೆಗೆ ಅರ್ಥವಿಲ್ಲ, ಯಾಕೆಂದರೆ ವೈರಸ್ ಒಳಗೆ ಬಂದಿದೆಯೋ ಇಲ್ಲವೋ ಅಂತ ಆ ಹಂತದಲ್ಲಿ ಹೇಳುವ ಪರೀಕ್ಷೆ ಇಲ್ಲ. ಎರಡು, ನರದೊಳಗೆ ಸೇರಿಕೊಂಡ ವೈರಸ್ ದೇಹದ ಕಾವಲು ಪಡೆಗೆ ಹೆಚ್ಚುಕಡಿಮೆ ಕಾಣುವುದಿಲ್ಲ. ಮೆದುಳು ಮುಟ್ಟಿದ ಮೇಲೆ ನೀರು ಕುಡಿಯಲು ಹೋದರೆ ಗಂಟಲು ಸೆಟೆದುಕೊಳ್ಳುವುದು, ಗಾಳಿ ಬೀಸಿದರೂ ಬೆಚ್ಚುವುದು ಶುರುವಾಗುತ್ತದೆ. ಆಗ ಉಳಿಸುವ ಚಿಕಿತ್ಸೆ ಇವತ್ತಿಗೂ ಇಲ್ಲ. ಜಗತ್ತಿನಲ್ಲಿ ಬದುಕುಳಿದವರನ್ನು ಬೆರಳೆಣಿಕೆಯಲ್ಲಿ ಎಣಿಸಬೇಕು.

ಆದರೆ ಇದೇ ನಿಧಾನ ನಮಗೆ ಅವಕಾಶವನ್ನೂ ಕೊಡುತ್ತದೆ. ಕಚ್ಚಿದ ದಿನದಿಂದ ಲಕ್ಷಣ ಕಾಣುವವರೆಗೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖ, ಕುತ್ತಿಗೆಗೆ ಕಚ್ಚಿದರೆ ಮೆದುಳಿಗೆ ದಾರಿ ಹತ್ತಿರ, ಬೇಗ ಬರಬಹುದು. ಮಕ್ಕಳು ಗಿಡ್ಡ ಇರುವುದರಿಂದ ಅವರಿಗೆ ಮುಖಕ್ಕೇ ಕಡಿತ ಬೀಳುವುದು ಜಾಸ್ತಿ. ಸೋಂಕು ದೇಹಕ್ಕೆ ಬಿದ್ದ ಮೇಲೂ ಲಸಿಕೆ ಹಾಕಿ ತಡೆಯಬಹುದಾದ ಕಾಯಿಲೆಗಳು ತುಂಬಾ ಕಡಿಮೆ. ರೇಬೀಸ್ ಅಂಥದ್ದು. ಅಂದರೆ ಇದರಿಂದ ಆಗುವ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾಗಿದ್ದ ಸಾವುಗಳು, ಅದು ಮನಸ್ಸಿಗೆ ತುಂಬಾ ನೋವು ಕೊಡುವ ವಿಷಯ.

ಗಾಯದ ಹತ್ತಿರ ನಡೆಯಬೇಕಾದದ್ದು

ಮೊದಲು ಸೋಪು, ಹರಿಯುವ ನೀರು, 15 ನಿಮಿಷ. ಕೇಳಲು ಸಾಧಾರಣ ಅನ್ನಿಸುತ್ತದೆ, ಆದರೆ ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಒಡೆದು ಹಾಕುತ್ತದೆ. ನರಕ್ಕೆ ನುಗ್ಗುವ ಮೊದಲೇ ಗಾಯದಲ್ಲಿರುವ ವೈರಸ್ ಕಡಿಮೆಯಾದಷ್ಟೂ ಒಳ್ಳೆಯದು. ಖಾರದಪುಡಿ, ಸುಣ್ಣ, ಅರಿಶಿನ, ಎಣ್ಣೆ ಹಚ್ಚಿದರೆ ಗಾಯ ಕೆರಳುತ್ತದೆಯೇ ಹೊರತು ವೈರಸ್ ಸಾಯುವುದಿಲ್ಲ. ನಾಟಿ ಮದ್ದು ಹಾಕಿಸಿಕೊಂಡು "ನಲವತ್ತು ದಿನ ಏನೂ ಆಗಲಿಲ್ಲ, ಗೆದ್ದೆವು" ಅಂದುಕೊಳ್ಳುವವರು ಮಂಡ್ಯ, ಮೈಸೂರು ಎರಡೂ ಕಡೆಯ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಮೂರು ತಿಂಗಳವರೆಗೆ ಲಕ್ಷಣ ಬಾರದೇ ಇರಬಹುದಾದ ಕಾಯಿಲೆಗೆ ನಲವತ್ತು ದಿನದ ಲೆಕ್ಕ ಎಷ್ಟು ಅಪಾಯ ಅಂತ ಯೋಚನೆ ಮಾಡಿ.

ಆಮೇಲೆ ಲಸಿಕೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನುವ ಭಯ ಹಳೆಯ ಕಾಲದ್ದು. ಕುರಿಯ ಮೆದುಳಿನ ಅಂಗಾಂಶದಿಂದ ಮಾಡುತ್ತಿದ್ದ ಆ ಲಸಿಕೆಯನ್ನು ನಮ್ಮ ದೇಶ ಕೈಬಿಟ್ಟು ಇಪ್ಪತ್ತು ವರ್ಷ ಆಯಿತು. ಮೊದಲ ಡೋಸ್ ಹಾಕುವ ದಿನವನ್ನು 0 ಅಂತ ಎಣಿಸುತ್ತಾರೆ. ಈಗ ಚರ್ಮದ ಪದರಕ್ಕೆ ಕೊಡುವುದಾದರೆ 0, 3, 7, 28ನೇ ದಿನ, ಎರಡೂ ತೋಳಿಗೆ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನ ಒಂದು ಜಾಸ್ತಿ.

ಇಷ್ಟೇ ಆದರೆ ಸಾಲದು, ಜನ ಎಡವುವುದು ಇಲ್ಲೇ. ಲಸಿಕೆಯಿಂದ ದೇಹ ತನ್ನದೇ ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯುವ ವಸ್ತು, ತಯಾರಿಸಲು ಒಂದು ವಾರಕ್ಕಿಂತ ಜಾಸ್ತಿ ಬೇಕು. ಚರ್ಮ ಹರಿದು ರಕ್ತ ಬಂದಿರುವ ಕಡಿತ ಆದರೆ ಅಷ್ಟು ಕಾಯಲು ಆಗುವುದಿಲ್ಲ. ಅದಕ್ಕೆ ತಯಾರಾದ ಪ್ರತಿಕಾಯವನ್ನೇ ನೇರವಾಗಿ ಗಾಯದ ಒಳಗೂ ಸುತ್ತಲೂ ತುಂಬುತ್ತಾರೆ, ಇದನ್ನೇ ಇಮ್ಯುನೊಗ್ಲೋಬ್ಯುಲಿನ್ ಅಥವಾ ಸೀರಂ ಅನ್ನುವುದು. ಇದು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಿಗುವುದಿಲ್ಲ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ ಅನ್ನುತ್ತಾರೆ. ಕೂಲಿ ಬಿಟ್ಟು ಹೋಗಬೇಕಲ್ಲ ಅಂತ ಆ ಒಂದು ಓಡಾಟ ತಪ್ಪಿಸಿಕೊಂಡವರೇ, ಲಸಿಕೆ ಶುರುಮಾಡಿದ್ದರೂ, ಅಪಾಯಕ್ಕೆ ಸಿಕ್ಕಬಹುದು. ಮೊದಲೇ ಪೂರ್ತಿ ಲಸಿಕೆ ಪಡೆದಿದ್ದವರಿಗೆ ಮತ್ತೆ ಕಚ್ಚಿದರೆ ಸೀರಂ ಬೇಡ, 0 ಮತ್ತು 3ನೇ ದಿನ ಎರಡು ಡೋಸ್ ಸಾಕು. ಚಾಮುಂಡಿ ಬೆಟ್ಟದಲ್ಲಿ ಕೋತಿ ಕಚ್ಚಿದರೂ ಸೋಪು, ಲಸಿಕೆ, ಸೀರಂ ಅನ್ನುವ ಇದೇ ದಾರಿ, "ನಾಯಿ ಅಲ್ವಲ್ಲ" ಅಂತ ಸುಮ್ನೆ ಇರಬಾರದು.

ಮನುಷ್ಯನಲ್ಲಿ ಸರಪಳಿ ಮುಗಿಯುತ್ತದೆ

ಈಗ ನಿಜವಾದ ತಿರುಳಿಗೆ ಬರೋಣ. ರೇಬೀಸ್ ಬಂದ ಮನುಷ್ಯ ಇನ್ನೊಬ್ಬರಿಗೆ ಅದನ್ನು ದಾಟಿಸುವುದಿಲ್ಲ, ಅಂಗಾಂಗ ಕಸಿಯಂಥ ತೀರಾ ಅಪರೂಪದ ಸಂದರ್ಭ ಬಿಟ್ಟರೆ. ನಾಯಿಯಿಂದ ನಾಯಿಗೆ ಹೋಗುವ ಸರಪಳಿಯಿಂದ ಒಂದು ಕೊಂಡಿ ಪಕ್ಕಕ್ಕೆ ಚಾಚಿದಾಗ ನಾವು ಸಿಗುತ್ತೇವೆ, ಅಲ್ಲಿಗೆ ಅದು ಮುಗಿಯುತ್ತದೆ. ಆದ್ದರಿಂದ ಮೈಸೂರಿನ ಪ್ರತಿಯೊಬ್ಬರಿಗೂ ಲಸಿಕೆ ಹಾಕಿದರೂ ನಾಯಿಗಳಲ್ಲಿ ರೇಬೀಸ್ ಒಂದು ಚೂರೂ ಕಡಿಮೆಯಾಗುವುದಿಲ್ಲ. ಮನುಷ್ಯನ ಲಸಿಕೆ ಮನುಷ್ಯನನ್ನು ಉಳಿಸುತ್ತದೆ, ಸರಪಳಿ ಕಡಿಯಲು ನಾಯಿಗೇ ಲಸಿಕೆ ಬೇಕು.

ಇದರ ಪಕ್ಕದಲ್ಲಿ ಮಂಡ್ಯದವರಿಗೆ ಗೊತ್ತಿರುವ ಇನ್ನೊಂದು ಕಾಯಿಲೆ ಇಟ್ಟು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಮೆದುಳು ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್. ಮಂಡ್ಯ ಇದರ ಪಟ್ಟಿಯಲ್ಲಿರುವ ಜಿಲ್ಲೆ. ಬೆಳ್ಳಕ್ಕಿ, ಬಕದಂಥ ನೀರಹಕ್ಕಿಗಳಲ್ಲಿ ಈ ವೈರಸ್ ಇರುತ್ತದೆ, ಹಕ್ಕಿಗೆ ಕಾಯಿಲೆ ತರುವುದಿಲ್ಲ. ಹಂದಿಯ ಮೈ ಸೇರಿದರೆ ರಕ್ತದಲ್ಲಿ ವಿಪರೀತ ಬೆಳೆಯುತ್ತದೆ. ಭತ್ತದ ಗದ್ದೆಯಲ್ಲಿ ನಿಂತ ನೀರಿನಲ್ಲಿ ಮೊಟ್ಟೆಯಿಡುವ ಕ್ಯುಲೆಕ್ಸ್ ಜಾತಿಯ ಸೊಳ್ಳೆ, ಸಂಜೆಯಾದ ಮೇಲೆ ಹಂದಿಯನ್ನೋ ಹಕ್ಕಿಯನ್ನೋ ಕಚ್ಚಿ ಆಮೇಲೆ ಮಗುವನ್ನು ಕಚ್ಚಿದರೆ ವೈರಸ್ ರಕ್ತಕ್ಕೆ ಬಂದು, ಕೆಲವರಲ್ಲಿ ಮೆದುಳಿಗೆ ದಾಟುತ್ತದೆ. ವಿ.ಸಿ. ನಾಲೆಯ ನೀರು ಬಂದು ಗದ್ದೆಗಳೆಲ್ಲ ತುಂಬಿ ನಿಂತಾಗ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೇ?

ಇಲ್ಲೂ ಮನುಷ್ಯನೇ ಕೊನೆ. ನಮ್ಮ ರಕ್ತದಲ್ಲಿ ವೈರಸ್ ಸೊಳ್ಳೆಗೆ ಅಂಟುವಷ್ಟು ಬೆಳೆಯುವುದಿಲ್ಲ, ಹಾಗಾಗಿ ಮೆದುಳು ಜ್ವರ ಬಂದ ಮಗುವಿನ ಮನೆಯವರನ್ನು ದೂರ ಇಡಬೇಕಾದ್ದಿಲ್ಲ. ಸೋಂಕು ತಗುಲಿದವರಲ್ಲಿ ಸುಮಾರು 250ಕ್ಕೆ ಒಬ್ಬರಿಗೆ ಮಾತ್ರ ಕಾಯಿಲೆ ಗಂಭೀರವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಹಾಗೆ ಮೆದುಳಿಗೆ ತಾಗಿದವರಲ್ಲಿ ನೂರಕ್ಕೆ ಮೂವತ್ತರವರೆಗೆ ಸಾವು, ಉಳಿದವರಲ್ಲೂ ಎಷ್ಟೋ ಮಕ್ಕಳಿಗೆ ಮಾತು, ಬುದ್ಧಿ, ಕೈಕಾಲಿನ ತೊಂದರೆ ಜೀವನಪೂರ್ತಿ.

ವ್ಯತ್ಯಾಸ ಎಲ್ಲಿದೆ ನೋಡಿ. ಹಾರುವ ಹಕ್ಕಿಗೆ ಲಸಿಕೆ ಹಾಕಲು ಸಾಧ್ಯವಿಲ್ಲ. ಕೊಕ್ಕರೆ ಬೆಳ್ಳೂರು, ರಂಗನತಿಟ್ಟಿನ ನಾಡಿನಲ್ಲಿ ಹಕ್ಕಿ ಓಡಿಸುವ ಮಾತೂ ಸಲ್ಲದು, ಅದರಿಂದ ಉಪಯೋಗವೂ ಇಲ್ಲ. ಭತ್ತ ಬಿಡಿ ಅಂತ ರೈತನಿಗೆ ಹೇಳುವಂತಿಲ್ಲ. ಹಾಗಾಗಿ ಮೆದುಳು ಜ್ವರಕ್ಕೆ ಇರುವ ಗಟ್ಟಿ ದಾರಿ ಮಗುವಿನ ಲಸಿಕೆಯೇ: 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಪಕ್ಕದ ಮನೆ ಮಗುವಿಗೆ ಹಾಕಿಸಿದ್ದಾರೆ ಅಂತ ನಮ್ಮ ಮಗುವಿಗೆ ರಕ್ಷಣೆ ಸಿಗುವುದಿಲ್ಲ, ಪ್ರತಿ ಮಗುವಿಗೂ ಬೇಕು. ರೇಬೀಸ್‌ನಲ್ಲಿ ವೈರಸ್ ಇಟ್ಟುಕೊಂಡಿರುವ ಪ್ರಾಣಿ ನಮ್ಮ ಬೀದಿಯಲ್ಲೇ, ಕೈಗೆ ಸಿಗುವಂತೆ ಓಡಾಡಿಕೊಂಡಿದೆ. ಅದಕ್ಕೆ ಲಸಿಕೆ ಹಾಕಬಹುದು. ಈ ಅನುಕೂಲ ಇರುವಾಗ ಅದನ್ನು ಬಳಸದೇ ಬಿಡುವುದು ದೊಡ್ಡ ತಪ್ಪು ಅನ್ನುವುದು ಈ ಲೇಖನದ ವಾದ.

54 ಸಾವೋ, 5,726 ಸಾವೋ

ಗೊಂದಲ ಹೆಚ್ಚಿಸಿರುವ ಇನ್ನೊಂದು ವಿಷಯ ಅಂಕಿಸಂಖ್ಯೆ. 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕಿಂತ ಹೆಚ್ಚು ನಾಯಿ ಕಡಿತ, ರೇಬೀಸ್‌ನಿಂದ ಎಂದು ಶಂಕಿಸಲಾದ 54 ಸಾವು ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿತು. "54 ಸಾವಿಗೆ ಇಷ್ಟು ಗಲಾಟೆಯಾ?" ಅಂತ ಕೆಲವರು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಅಂದಾಜು ವರ್ಷಕ್ಕೆ 5,726 ಸಾವು, ಸುಮಾರು 91 ಲಕ್ಷ ಪ್ರಾಣಿ ಕಡಿತ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಂದಾಜು ಇನ್ನೂ ದೊಡ್ಡದು, 18ರಿಂದ 20 ಸಾವಿರ.

54 ಅನ್ನುವುದು ವ್ಯವಸ್ಥೆಯ ಕಣ್ಣಿಗೆ ಬಿದ್ದ ಸಾವುಗಳು. ಲಕ್ಷಣ ಶುರುವಾದ ಮೇಲೆ ಏನೂ ಮಾಡಲಾಗದು ಅಂತ ಎಷ್ಟೋ ರೋಗಿಗಳನ್ನು ಮನೆಗೆ ಕಳಿಸುತ್ತಾರೆ, ಸಾವು ಮನೆಯಲ್ಲೇ ಆಗುತ್ತದೆ. ಐದರಲ್ಲಿ ಒಂದು ಭಾಗದಷ್ಟು ರೋಗಿಗಳಿಗೆ ನೀರಿನ ಭಯ ಬರುವುದಿಲ್ಲ, ಕೈಕಾಲು ಬಿದ್ದುಹೋಗುತ್ತವೆ, ನೋಡಿದವರು ಬೇರೆ ನರರೋಗ ಅಂದುಕೊಳ್ಳುತ್ತಾರೆ. ಖಚಿತ ಮಾಡಲು ಬೇಕಾದ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕೆಲವೇ ಕಡೆ ಇದೆ. ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯಾಗಿ ಘೋಷಿಸಿದ್ದು ಈ ತೂತು ಮುಚ್ಚುವುದಕ್ಕೆ. ಅದೇ ಸಮೀಕ್ಷೆಯಲ್ಲಿ ಕಡಿತಕ್ಕೆ ಸಿಕ್ಕ ಐವರಲ್ಲಿ ಒಬ್ಬರು ಲಸಿಕೆಯ ಒಂದು ಡೋಸನ್ನೂ ಪಡೆದಿರಲಿಲ್ಲ ಅನ್ನುವುದು ಇನ್ನೂ ಆತಂಕದ ವಿಷಯ.

ಎರಡೂ ಕಡೆಯ ವಾದ, ಮಧ್ಯದ ಲೆಕ್ಕ

ನಾಯಿ ತೆಗೆಯಿರಿ ಅನ್ನುವವರ ಮಾತಿನಲ್ಲಿ ನ್ಯಾಯ ಇದೆ. ರೇಬೀಸ್ ಇಲ್ಲದ ನಾಯಿ ಕಚ್ಚಿದರೂ ಮಗುವಿನ ಮುಖ ಹರಿಯುತ್ತದೆ, ಬೈಕಿನವರು ಬಿದ್ದು ತಲೆ ಒಡೆದುಕೊಳ್ಳುತ್ತಾರೆ, ಬೆಳಗಿನ ಜಾವ ಹಾಲು, ಪೇಪರ್ ಹಾಕುವವರು ದಿನಾ ಹೆದರಿಕೊಂಡೇ ಓಡಾಡಬೇಕು. ಸಂತಾನಹರಣದ ನಿಯಮ ಬಂದಿದ್ದು 2001ರಲ್ಲಿ, ಅದರ ಜಾಗಕ್ಕೆ 2023ರಲ್ಲಿ ಹೊಸ ನಿಯಮ ಬಂತು, ಇಷ್ಟು ವರ್ಷವಾದರೂ ನಾಯಿ ಕಡಿಮೆಯಾಗಿಲ್ಲವಲ್ಲ ಅನ್ನುವ ಅವರ ಪ್ರಶ್ನೆಗೆ ಸ್ಥಳೀಯ ಸಂಸ್ಥೆಗಳು ಉತ್ತರ ಕೊಡಬೇಕು. ಶಾಲೆ, ಆಸ್ಪತ್ರೆ ಆವರಣ ಸುರಕ್ಷಿತವಾಗಿರಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ.

ಪ್ರಾಣಿಪ್ರಿಯರ ವಾದ: ಊಟ ಸಿಗುವ ಜಾಗ ಖಾಲಿಯಾದರೆ ಬೇರೆ ನಾಯಿ ಬಂದೇ ಬರುತ್ತದೆ, ಸಾವಿರಾರು ನಾಯಿಗಳನ್ನು ಕೂಡಿಹಾಕುವ ಜಾಗ, ವೈದ್ಯರು, ದುಡ್ಡು ಯಾವ ಪಾಲಿಕೆಯ ಬಳಿಯೂ ಇಲ್ಲ, ಕಿಕ್ಕಿರಿದ ಕೇಂದ್ರಗಳಲ್ಲಿ ನಾಯಿಗಳು ಬೇರೆ ರೋಗಗಳಿಂದ ಸಾಯುತ್ತವೆ. ಇದೂ ನಿಜವೇ. ಆದರೆ ಊಟ ಹಾಕುವುದು ಮಾತ್ರ ನಮ್ಮ ಕೆಲಸ, ಲಸಿಕೆ ಪಾಲಿಕೆಯದು ಅಂತ ಕೈತೊಳೆದುಕೊಂಡರೆ ಆ ವಾದದ ಬಲ ಅಲ್ಲೇ ಕುಸಿಯುತ್ತದೆ. ದಿನಾ ಊಟ ಹಾಕುವವರ ಹತ್ತಿರ ಮಾತ್ರ ಆ ನಾಯಿ ಸಲೀಸಾಗಿ ಬರುತ್ತದೆ, ಹಿಡಿದುಕೊಟ್ಟು ಲಸಿಕೆ ಹಾಕಿಸಲು ಅವರಿಗಿಂತ ಬೇಕಾದವರು ಯಾರಿದ್ದಾರೆ?

ವೈರಸ್ ನೋಡುವುದು ಬೇರೆ ಲೆಕ್ಕ. ಒಂದು ಹುಚ್ಚುನಾಯಿ ಸಾಯುವ ಮೊದಲು ಸರಾಸರಿ ಒಂದರಿಂದ ಎರಡು ನಾಯಿಗಳಿಗೆ ಸೋಂಕು ದಾಟಿಸುತ್ತದೆ, ಅಷ್ಟೇ. ದಡಾರಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಹಾಗಾಗಿ ನೂರಕ್ಕೆ 70 ನಾಯಿಗಳಿಗೆ ಲಸಿಕೆ ಆಗಿದ್ದರೆ, ವರ್ಷದೊಳಗೆ ಕೆಲವು ಸತ್ತು ಹೊಸ ಮರಿ ಹುಟ್ಟಿದರೂ, ಸರಪಳಿ ತಾನಾಗಿ ಕಡಿದುಹೋಗುತ್ತದೆ. ನಾಯಿ ಎಷ್ಟಿವೆ ಅನ್ನುವುದಕ್ಕಿಂತ ಅವುಗಳಲ್ಲಿ ಲಸಿಕೆ ಆದವು ಎಷ್ಟು ಪಾಲು ಅನ್ನುವುದು ಇಲ್ಲಿ ಮುಖ್ಯ.

ಒಂದು ಬಡಾವಣೆಯಲ್ಲಿ 100 ನಾಯಿ, 70ಕ್ಕೆ ಲಸಿಕೆ ಆಗಿದೆ ಅಂದುಕೊಳ್ಳಿ. ದೂರು ಬಂತು, ಪಾಲಿಕೆಯವರು 40 ನಾಯಿ ಹಿಡಿದರು. ಸುಲಭವಾಗಿ ಕೈಗೆ ಸಿಗುವುದು ಜನರಿಗೆ ಒಗ್ಗಿಕೊಂಡ, ಮೊದಲೇ ಹಿಡಿದು ಲಸಿಕೆ ಹಾಕಿದ್ದ ಸಾಧು ನಾಯಿಗಳೇ. ಉಳಿದ 60ರಲ್ಲಿ ಲಸಿಕೆ ಆದವು 30. ಕೋಳಿ ಅಂಗಡಿ ಪಕ್ಕದ ಕಸದ ರಾಶಿ ಹಾಗೇ ಇದೆ, ಹೊರಗಿನಿಂದ 20 ನಾಯಿ ಬಂದವು, ಯಾವುದಕ್ಕೂ ಲಸಿಕೆ ಇಲ್ಲ. ಈಗ 80ರಲ್ಲಿ 30, ಅಂದರೆ ನೂರಕ್ಕೆ 38 ಕೂಡ ಇಲ್ಲ. ನಾಯಿ ಕಡಿಮೆಯಾದವು, ರೇಬೀಸ್ ಹರಡುವ ಸಾಧ್ಯತೆ ಹೆಚ್ಚಾಯಿತು. ಹಾಗಂತ ಶಾಲೆ ಆವರಣದ ನಾಯಿ ತೆಗೆಯಬಾರದು ಅಂತಲ್ಲ. ತೆಗೆಯುವ ಮುಂಚೆ ಸುತ್ತಲಿನ ಬೀದಿಗಳಲ್ಲಿ ಲಸಿಕೆ ಆಗಿರಬೇಕು, ಕಸ ಎತ್ತಿರಬೇಕು. ಈ ಕ್ರಮ ಹಿಂದುಮುಂದಾದರೆ ಮಕ್ಕಳನ್ನು ಉಳಿಸಲು ಹೋಗಿ ಅವರನ್ನೇ ಅಪಾಯಕ್ಕೆ ದೂಡಿದಂತೆ.

ಗೋವಾ ಮಾಡಿ ತೋರಿಸಿದ್ದು

ಇದು ಕಾಗದದ ಮೇಲಿನ ಲೆಕ್ಕ ಅನ್ನುವವರು ಪಕ್ಕದ ರಾಜ್ಯ ನೋಡಬಹುದು. ಗೋವಾದಲ್ಲಿ ಸರ್ಕಾರ ಮತ್ತು ಮಿಷನ್ ರೇಬೀಸ್ ಸಂಸ್ಥೆ ಸೇರಿ ವರ್ಷ ವರ್ಷವೂ ಬಲೆ ಹಿಡಿದು ಬೀದಿ ಬೀದಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದರು, ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿದರು, ಸಂಶಯದ ನಾಯಿ ಕಂಡರೆ ಫೋನ್ ಮಾಡಲು ವ್ಯವಸ್ಥೆ ಮಾಡಿದರು. ನಾಯಿಗಳನ್ನು ಸಾಮೂಹಿಕವಾಗಿ ಎತ್ತಿಕೊಂಡು ಹೋಗಲಿಲ್ಲ. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಣೆಯಾಯಿತು. ಗೋವಾ ಸಣ್ಣದು, ದುಡ್ಡಿದೆ ಅನ್ನುವ ಆಕ್ಷೇಪ ಒಪ್ಪಬಹುದು. ಆದರೆ ಮೈಸೂರು ನಗರ ಗೋವಾಕ್ಕಿಂತ ದೊಡ್ಡದೇನೂ ಅಲ್ಲ.

ರಿಂಗ್ ರಸ್ತೆಯ ಆಚೆ

2030ರ ಹೊತ್ತಿಗೆ ನಾಯಿಯಿಂದ ಬರುವ ರೇಬೀಸ್ ಸಾವು ನಿಲ್ಲಿಸಬೇಕು ಅನ್ನುವುದು ದೇಶದ ಗುರಿ. ಚರ್ಚೆ ಮಾತ್ರ ಪೂರ್ತಿ ನಗರಗಳ ಸುತ್ತ ತಿರುಗುತ್ತಿದೆ. ಹಳ್ಳಿಗಳಲ್ಲಿ ಮನೆಗೆ ಸೇರಿದ್ದೂ ಅಲ್ಲ, ಬೀದಿಯದೂ ಅಲ್ಲ ಅನ್ನುವ ನಾಯಿಗಳೇ ಜಾಸ್ತಿ. ಹೊಲ ಕಾಯುತ್ತವೆ, ಹಟ್ಟಿ ಮುಂದೆ ಮಲಗುತ್ತವೆ, ಲಸಿಕೆ ಯಾರೂ ಹಾಕಿಸಿರುವುದಿಲ್ಲ. ಮೈಸೂರಿನ ಖಾಲಿ ಬೀದಿಗಳಿಗೆ ಬಂದು ಸೇರುವ ನಾಯಿಗಳಲ್ಲಿ ಇವೂ ಇರುತ್ತವೆ.

ಹಳ್ಳಿಯಲ್ಲಿ ಇನ್ನೊಂದು ಅಪಾಯವೂ ಇದೆ. ಹುಚ್ಚುನಾಯಿ ಕಚ್ಚಿದ ಹಸು ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಮನೆಯವರು ಬಾಯಿಗೆ ಕೈ ಹಾಕುತ್ತಾರೆ. ಕೈಯಲ್ಲಿ ಕುಡುಗೋಲಿನ ಗೀರೋ, ಕಬ್ಬಿನ ಸೋಗೆ ಕೊಯ್ದ ಗಾಯವೋ ಇದ್ದರೆ ವೈರಸ್‌ಗೆ ಅಷ್ಟು ಸಾಕು. ಅಂಥವರು ಕಡಿತಕ್ಕೆ ಸಿಕ್ಕವರಂತೆಯೇ ಲಸಿಕೆ ತೆಗೆದುಕೊಳ್ಳಬೇಕು. ಅದೇ ಹಸುವಿನ ಕಾಯಿಸಿದ ಹಾಲು ಕುಡಿದವರು ಊರಿಗೆ ಊರೇ ಗಾಬರಿಯಾಗಿ ಆಸ್ಪತ್ರೆಗೆ ಓಡಬೇಕಾಗಿಲ್ಲ, ಕುದಿಸಿದರೆ ವೈರಸ್ ಉಳಿಯುವುದಿಲ್ಲ.

ಸೆಪ್ಟೆಂಬರ್ 28ರ ರೇಬೀಸ್ ದಿನದ ಸುತ್ತಮುತ್ತ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತ ಲಸಿಕೆ ಹಾಕುವ ಶಿಬಿರಗಳು ನಡೆಯುತ್ತವೆ. ಸಾಕಿದವರು ಹಗ್ಗ ಹಿಡಿದು ತಂದ ನಾಯಿಗಳಿಗೆ ಅಲ್ಲಿ ಲಸಿಕೆ ಸಿಗುತ್ತದೆ, ಹಟ್ಟಿ ಮುಂದೆ ಮಲಗಿದ ನಾಯಿಯನ್ನು ಯಾರೂ ತರುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ನಂಜನಗೂಡಿನ ಕಡೆಯ ಗ್ರಾಮ ಪಂಚಾಯಿತಿಗಳು ಬಲೆ ಹಿಡಿಯಬಲ್ಲ ನಾಲ್ಕು ಜನರನ್ನು, ಒಂದು ಗಾಡಿಯನ್ನು, ಲಸಿಕೆಯ ತಂಪು ಪೆಟ್ಟಿಗೆಯನ್ನು ವರ್ಷಕ್ಕೆ ಒಂದು ಸಲ ಊರೂರಿಗೆ ಕಳಿಸಿದರೆ ಆ ನಾಯಿಗೂ ಲಸಿಕೆ ಮುಟ್ಟುತ್ತದೆ. ಪಾಲಿಕೆಯ ಸಭೆಯಲ್ಲಾಗಲಿ, ಗ್ರಾಮಸಭೆಯಲ್ಲಾಗಲಿ ಎಷ್ಟು ನಾಯಿ ಹಿಡಿದಿರಿ ಅಂತ ಕೇಳುವ ಮೊದಲು, ನಮ್ಮ ವಾರ್ಡಿನಲ್ಲಿ, ನಮ್ಮ ಊರಿನಲ್ಲಿ ನೂರಕ್ಕೆ ಎಷ್ಟು ನಾಯಿಗೆ ಈ ವರ್ಷ ಲಸಿಕೆ ಆಗಿದೆ ಅಂತ ಕೇಳಿ, ಉತ್ತರವನ್ನು ಬರೆದು ಕೊಡಲು ಹೇಳಿ.